ತಡವಾಗಿ ಬಂದ ಸಾಲು

ಎನಿಫಾ ಮ್ವಾಲೆ ಒಳಗೆ ಬಂದಾಗ ಮಾತಾಡುತ್ತಿದ್ದ ಮೂವರು ಸುಮ್ಮನಾದರು. ಒಬ್ಬರು ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಜೊಂಬಾ ಪಟ್ಟಣದ, ನೆರೆ ಎಚ್ಚರಿಕೆ ಕೊಡುವ ಆ ನದಿ ಕಚೇರಿಯಲ್ಲಿ ಹದಿನೇಳು ವರ್ಷ ದುಡಿದವಳಿಗೆ ಆ ಮೌನ ಯಾರ ಕುರಿತದ್ದೆಂದು ಕೇಳಬೇಕಾಗಿರಲಿಲ್ಲ.

ಹಿಂದಿನ ವಾರ ಶಿರೆ ನದಿ ದಂಡೆ ಮೀರಿ ಎರಡು ಹಳ್ಳಿಗಳ ಮೆಕ್ಕೆಜೋಳವನ್ನೂ ಮೇಕೆಗಳನ್ನೂ ಕೊಂಡೊಯ್ದಿತ್ತು. ಜನ ಮರ ಹತ್ತಿ ಉಳಿದರು. ಅಂದು ಮಧ್ಯಾಹ್ನ ಕಚೇರಿಯಿಂದ ಹೊರಟ ಸಂದೇಶ ಅಪಾಯವಿಲ್ಲ ಎಂದಿತ್ತು. ಕೆಳಗೆ ಎನಿಫಾಳ ಸಹಿ.

ನೀರಿನ ಲೆಕ್ಕ ಹಾಕುತ್ತಿದ್ದುದು ಯಾರೋ ಎಂದೋ ಬರೆದಿಟ್ಟ ಹಳೆಯ ಪ್ರೋಗ್ರಾಂ. ಅದರಲ್ಲಿ ಒಂದಕ್ಷರ ತಿದ್ದಿದರೂ ಇಡೀ ಪ್ರೋಗ್ರಾಂ ಅನ್ನು ಮತ್ತೆ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಬೇಕಿತ್ತು. ಅದಕ್ಕೇ ಎನಿಫಾ ಅದರ ಹೊಟ್ಟೆಯೊಳಗೆ, ಸುಲಭವಾಗಿ ತಿದ್ದಬಹುದಾದ ಪೈಥಾನ್ ಭಾಷೆಯನ್ನು ಕೂರಿಸಿದ್ದಳು. ಲೆಕ್ಕ ಹಳೆಯದರದು. ಎಚ್ಚರಿಕೆ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅವಳು ಆ ಭಾಷೆಯಲ್ಲಿ ಬರೆದ ಪುಟ್ಟ ಸ್ಕ್ರಿಪ್ಟಿನದು. ಎರಡೂ ಹೇಳಿದ್ದು ಒಂದೇ ದಾಖಲೆಗೆ ಬಂದು ಬೀಳುತ್ತಿತ್ತು.

ಕಗ್ಗಂಟು ಇದ್ದದ್ದು ಆ ದಾಖಲೆಯಲ್ಲೇ. 'ತೀರ್ಮಾನ: ಅಪಾಯವಿಲ್ಲ' ಎಂಬುದರ ಕೆಳಗೆ, ಎಲ್ಲಕ್ಕೂ ಕೊನೆಯಲ್ಲಿ, ಹಳೆಯ ಪ್ರೋಗ್ರಾಂನ ಸಾಲೊಂದಿತ್ತು: 'ನಾಲ್ಕನೆಯ ಅಳತೆಕಂಬದ ಅಂಕಿ ಬೆಳಗಿನ ಆರು ಗಂಟೆಯಿಂದ ಬದಲಾಗಿಲ್ಲ. ನಂಬುವಂತಿಲ್ಲ.'

ಮೇಲಧಿಕಾರಿ ಚಿಸಾಲೆ ಆ ಸಾಲಿನ ಮೇಲೆ ಬೆರಳಿಟ್ಟು, ಅಮ್ಮಾ ಎನ್ನುವ ಅಲ್ಲಿನ ಮಾತಿನಿಂದಲೇ ಅವಳನ್ನು ಕರೆದು ಕೇಳಿದರು.

"ತೀರ್ಮಾನ ಮುಗಿದ ಮೇಲೆ ಅನುಮಾನ ಹುಟ್ಟುತ್ತಾ, ಅಮಾಯಿ? ಊರು ಮುಳುಗಿದ ಮೇಲೆ ಯಾರೋ ಕಂಬದ ತಲೆಗೆ ತಪ್ಪು ಕಟ್ಟಿದ ಹಾಗಿದೆ."

ಯಾರೋ ಎಂದರೆ ಯಾರೆಂದು ಅವಳಿಗೆ ತಿಳಿಯಿತು. ತಾನಂತೂ ಆ ಸಾಲು ಬರೆದಿರಲಿಲ್ಲ. ಹಾಗಾದರೆ ಬರೆದವರು? ಪಕ್ಕದ ಮೇಜಿನ ಲಫೋರ್ಡ್ ಗೊಂಡ್ವೆಗೂ ಪಾಸ್‌ವರ್ಡ್ ಗೊತ್ತಿತ್ತು. ಸಹಿ ಹಾಕುವ ಅವಳ ಹುದ್ದೆಗೆ ಹಿಂದೆ ಅವನೂ ಅರ್ಜಿ ಹಾಕಿದ್ದ. ಅವಳು ಪಾಸ್‌ವರ್ಡ್ ಬದಲಿಸಿದಳು. ಅವನು ಎದ್ದಾಗ ಪರದೆ ಮುಚ್ಚಿದಳು. ಅವನು ನೀಡಿದ ಮಂದಾಸಿ ಬೋಂಡಾವನ್ನೂ ಬೇಡವೆಂದಳು.

"ಇದರಲ್ಲೂ ವಿಷ ಹುಡುಕ್ತೀಯಾ ಅಕ್ಕಾ?" ಎಂದು ಅವನು ತಾನೇ ಅದನ್ನು ಕಚ್ಚಿ ತಿಂದ.

ಮೂರನೆಯ ದಿನ ಅವಳು ನೆರೆ ಬಂದ ದಿನದ ಅಂಕಿಗಳನ್ನೇ ಕೊಟ್ಟು ಪ್ರೋಗ್ರಾಂ ಓಡಿಸಿ, ದಾಖಲೆ ತುಂಬುವುದನ್ನು ರೆಪ್ಪೆ ಮಿಟುಕಿಸದೆ ನೋಡಿದಳು. ಸ್ಕ್ರಿಪ್ಟಿನ ಸಾಲುಗಳು ಒಂದೊಂದಾಗಿ ಬಿದ್ದವು. ತೀರ್ಮಾನವೂ ಬಿತ್ತು. ಪ್ರೋಗ್ರಾಂ ಮುಚ್ಚುವ ಗಳಿಗೆಯಲ್ಲಿ, ಯಾರ ಕೈಯೂ ತಾಗದೆ, ಆ ಸಾಲು ಕೆಳಗೆ ಬಂದು ನಿಂತಿತು.

ಹಳೆಯ ಪ್ರೋಗ್ರಾಂ ತನ್ನ ಮಾತನ್ನೆಲ್ಲ ಮಡಿಲಲ್ಲಿ ಕೂಡಿಟ್ಟುಕೊಂಡು ಮುಚ್ಚುವಾಗ ಒಮ್ಮೆಲೇ ಸುರಿಯುತ್ತಿತ್ತು. ಸ್ಕ್ರಿಪ್ಟ್ ಆಗಿಂದಾಗಲೇ ಹೇಳಿ ಮುಗಿಸುತ್ತಿತ್ತು; ಹಾಗಾಗಿ ಮೊದಲೇ ಹುಟ್ಟಿದ ಅನುಮಾನವೂ ದಾಖಲೆಗೆ ಕೊನೆಯಲ್ಲಿ ಬೀಳುತ್ತಿತ್ತು. ತೀರ್ಮಾನದ ಸಾಲು ಬಂದೊಡನೆ ಓದು ನಿಲ್ಲಿಸಿ ಸಹಿ ಹಾಕುವುದು ಅವಳ ವರ್ಷಗಳ ರೂಢಿ.

ಸರಿಪಡಿಸಲು ಇಪ್ಪತ್ತು ಸಾಲು ಸಾಕಿತ್ತು. ಹಳೆಯ ಪ್ರೋಗ್ರಾಂ ಬಾಯಿ ತೆರೆದಾಗಲೆಲ್ಲ ಆ ಮಾತನ್ನು ಪೈಥಾನಿನ ಕೈಗೆ ದಾಟಿಸಿದರೆ ಎರಡೂ ಒಂದೇ ಬಾಯಿಂದ, ನಡೆದ ಕ್ರಮದಲ್ಲೇ ಹೊರಬರುತ್ತವೆ. ಸುಳ್ಳು ಸೇರಿಸಿದಳೆಂಬ ಕಳಂಕ ಹೋಗುತ್ತದೆ. ಆದರೆ ಅನುಮಾನ ಮೊದಲೇ ಹುಟ್ಟಿತ್ತು, ಅವಳ ಸ್ಕ್ರಿಪ್ಟ್ ಅದನ್ನು ದಾಟಿ ನಡೆಯಿತು ಎಂಬುದೂ ಬಯಲಾಗುತ್ತದೆ. ಹಾಗಾದರೆ ಸಹಿಯ ಅಧಿಕಾರ ಉಳಿಯುವುದಿಲ್ಲ. ಸುಮ್ಮನಿದ್ದರೆ ಬರೀ ಗುಮಾನಿ; ಗುಮಾನಿಯ ಮೇಲೆ ಯಾರನ್ನೂ ಕುರ್ಚಿಯಿಂದ ಎಬ್ಬಿಸುವುದಿಲ್ಲ.

ಹೊರಗೆ ಜಕರಂಡಾ ಮರದ ಕೆಳಗೆ ಯಾರೋ ಕಸ ಗುಡಿಸುತ್ತಿದ್ದರು. ಆ ಸದ್ದು ನಿಲ್ಲುವವರೆಗೂ ಕೂತಿದ್ದು, ಆಮೇಲೆ ಆ ಇಪ್ಪತ್ತು ಸಾಲು ಬರೆಯತೊಡಗಿದಳು.

ಮರುದಿನ ಚಿಸಾಲೆಯವರ ಎದುರೇ ಓಡಿಸಿ ತೋರಿಸಿದಳು. ಈಗ ಅನುಮಾನದ ಸಾಲು ತೀರ್ಮಾನದ ಮೇಲಿತ್ತು. ಅವರ ಮುಖ ಸಡಿಲಾಯಿತು. ಇನ್ನೊಮ್ಮೆ ಓದಿದಾಗ ಮತ್ತೆ ಬಿಗಿಯಿತು.

"ಅಂದ್ರೆ, ನಿಮ್ಮ ಸ್ಕ್ರಿಪ್ಟ್‌ಗೆ ಮೊದಲೇ ಗೊತ್ತಿತ್ತು?"

"ಇಲ್ಲ ಬಾಂಬೊ. ಅದು ಕೇಳಲೇ ಇಲ್ಲ. ಕೇಳು ಅಂತ ನಾನು ಬರೆದಿರಲಿಲ್ಲ," ಎಂದು ಅವಳು, ಅಪ್ಪಾ ಎನ್ನುವ ಅಲ್ಲಿನ ಗೌರವದ ಮಾತಿನಲ್ಲೇ, ಒಪ್ಪಿಕೊಂಡಳು.

ಸಹಿಯ ಕೆಲಸ ಗೊಂಡ್ವೆಗೆ ಹೋಯಿತು. ಸ್ಕ್ರಿಪ್ಟ್ ಅವಳ ಬಳಿಯೇ ಉಳಿಯಿತು. ಹಳೆಯದಕ್ಕೆ ಅನುಮಾನವಿದ್ದರೆ ತೀರ್ಮಾನ ಕೊಡದೆ ನಿಲ್ಲಬೇಕೆಂದು ಸಂಜೆಯೊಳಗೆ ಅದಕ್ಕೆ ಕಲಿಸಿದಳು. ನಂತರ ಗೊಂಡ್ವೆಯನ್ನು ಕರೆದು, ಎಲ್ಲಾದರೂ ತಪ್ಪಿದೆಯೇ ನೋಡು ಎಂದು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.