ಹಳ್ಳಕ್ಕಿಳಿದ ಮೊದಲ ಗಾಡಿ

ಜನರ ಮುಂದೆ ನಡೆಯೋಕೇ ನಾನು ಹುಟ್ಟಿದ್ದು ಅಂತ ಗೊತ್ತಾದದ್ದು ಕುಂತೂರು ಸಕ್ಕರೆ ಫ್ಯಾಕ್ಟರಿಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆಯುವಾಗ. ಅವತ್ತು ಜೊತೆಗಿದ್ದ ಗಾಡಿಯೋರು ಒಬ್ಬರೂ ಈಗಿಲ್ಲ. ಹಳ್ಳ ತೆಂಗಿನ ಮರದೆತ್ತರ ಉಕ್ಕಿತ್ತು. ನಿಂತರೆ ಕಬ್ಬು ಒಣಗುತ್ತೆ, ಇಳಿಯೋಕೆ ಯಾರಿಗೂ ಧೈರ್ಯವಿಲ್ಲ. ನಾನು ಗಾಡಿ ಮುಂದಿನ ಮೂಕಿಮರದ ಮೇಲೆ ನಿಂತು, "ಬನ್ರಲಾ ನನ್ನಿಂದೆ!" ಅಂತ ಕೂಗಿದೆ. ಎತ್ತುಗಳು ನೀರಿಗೆ ನುಗ್ಗಿದವು. ಹಿಂದೆಯೇ ಸಾಲುಗಾಡಿಗಳು ಬಂದು ಆಚೆ ದಡ ಸೇರಿದವು. ಅಂದಿನಿಂದ ಊರಿಗೆ ನಾನೇ ಯಜಮಾನ.

ಮೊನ್ನೆ ಜಗಲಿ ಮೇಲೆ ಇದನ್ನು ಹೇಳುತ್ತಿದ್ದೆ. ಆಚೆ ದಡದ ಊರಿನ ಮಾದಮ್ಮ ನೆಂಟರ ಮನೆಗೆ ಬಂದಿದ್ದವಳು ನಕ್ಕುಬಿಟ್ಟಳು.

"ಅಣ್ಣಾ, ಆ ಎತ್ತುಗಳ್ನ ಅದ್ಕೆ ವಾರ ಮುಂಚೆ ನಮ್ಮನೆ ಅಟ್ಟೀಲೇ ಅಲ್ವಾ ನೀನು ಕೊಂಡಿದ್ದು? ನೀನು ನಿಲ್ಲು ನಿಲ್ಲು ಅಂತ ಕಿರುಚ್ತಿದ್ರೂ ಸೀದಾ ನಮ್ಮ ಕೊಟ್ಟಿಗೇಗೇ ಬಂದ್ವಲ್ಲ!"

ನಾನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಎತ್ತು ಅವುಗಳ ಅಟ್ಟಿಗೆ ಹೋದ್ವು, ಸರಿ ಕಣವ್ವ. ಹಿಂದೆ ಬಂದ ಗಾಡಿಯೋರಿಗೆ ಅಲ್ಲೇನು ಅಟ್ಟಿ ಇತ್ತಾ?"