ಮುದಿಯಪ್ಪನ ಯಂತ್ರ
ಹನುಮನಹಳ್ಳಿಯಲ್ಲಿ ಹರಿಗೋಲು ನಿಲ್ಲುವ ಹೊಳೆದಂಡೆಯ ಮೇಲೆ ಮೈಯೆಲ್ಲ ತುಕ್ಕಾಗಿ ನಿಂತಿರುವ, ನಿಜಾಮನ ಕಾಲದ್ದೆನ್ನುವ ಹಲ್ಲುಗಾಲಿಯ ಯಂತ್ರ ಯಾತಕ್ಕಿತ್ತೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ, ಮುದಿಯಪ್ಪನೊಬ್ಬನನ್ನು ಬಿಟ್ಟು. ಅವನಿಗೆ ದಿನಕ್ಕೊಂದು ಗೊತ್ತು. ಹರಿಗೋಲು ಹಾಕುವುದನ್ನು ಬಿಟ್ಟ ಮೇಲೆ ಯಂತ್ರದ ಪಕ್ಕದ ಬಂಡೆಯೇ ಅವನ ಕಚೇರಿ, ಬಂದವರ ಮುಖ ನೋಡಿಯೇ ಅವನ ಉತ್ತರ. ಗಂಗಾವತಿಯ ಅಕ್ಕಿ ಸಾಹುಕಾರ ಕೇಳಿದರೆ "ಭತ್ತದ ಚೀಲ ಎತ್ತೋದ್ರಿ ಇದು" ಎನ್ನುತ್ತಾನೆ. ಅಂಜನಾದ್ರಿ ಹತ್ತಿಳಿದು ಮೊಣಕಾಲು ಹಿಡಿದುಕೊಂಡು ಬಂದವರಿಗೆ, "ಮುದುಕರನ್ನ ಗುಡ್ಡಕ್ಕ ಎಳಿಯೋದಿತ್ತು, ಈಗ ಹಗ್ಗ ಹೋಗೇತಿ" ಎಂದು ಹೊಟ್ಟೆ ಉರಿಸುತ್ತಾನೆ. ಗುಜರಿಯವನು ತಕ್ಕಡಿ ತಂದಾಗಲಂತೂ ಎದ್ದೇ ನಿಂತ: "ಮುಟ್ಟಬ್ಯಾಡ! ಡ್ಯಾಮಿನ ಬೀಗ ಐತಿ ಇದು, ತಗದ್ರ ಗಂಗಾವತಿ ಮುಳಗತೈತಿ!" ಮೊನ್ನೆ ಎಂಜಿನಿಯರಿಂಗ್ ಓದುವ ಐಶ್ವರ್ಯ ಎಂಬ ಹುಡುಗಿ ಬಂದವಳು ಏನೂ ಕೇಳದೆ ಹಿಡಿಕೆ ಹಿಡಿದು ತಿರುಗಿಸಿದಳು. ಅಂಥ ತುಕ್ಕಿನ ಯಂತ್ರ ಒಂಚೂರೂ ಕಿರ್ರೆನ್ನದೆ ಮೆಲ್ಲಗೆ ತಿರುಗಿತು. ಬಂಡಿಗಾಲಿಗೆ ಹಚ್ಚುವ ಕೀಲೆಣ್ಣೆ ಅವಳ ಕೈಗೆ ಮೆತ್ತಿಕೊಂಡಿತು. "ಅಜ್ಜಾ, ಖರೇ ಹೇಳ್ರಿ, ಏನಿದು?" ಎಂದಳು. ಮುದಿಯಪ್ಪ ಹೊಳೆಯ ಕಡೆ ಮುಖ ತಿರುಗಿಸಿ ಹೇಳಿದ: "ನನಗೂ ಗೊತ್ತಿಲ್ಲವ್ವಾ. ಆದ್ರ ಗೊತ್ತಿದ್ದವರು ಯಾವತ್ತರ ಬಂದ್ರ, ಅವತ್ತು ಇದು ತಿರಗಬೇಕಲ್ಲ."