ನೀಲಾಳ ಬಲಗಾಲು

ಆ ಅಮಾವಾಸ್ಯೆಯ ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕಿದೆ, ರಂಗೋಲಿ ಎಳೆದೆ, ಹಾಲು ಕಾಯಿಸಿದೆ, ಅತ್ತೆಯವರಿಗೆ ಚಹಾ ಕೊಟ್ಟೆ, ನಿನ್ನ ಗಾಡಿ ತೊಳೆದೆ — ಮತ್ತು ಅದರ ಹಿಂದಿನ ಬ್ರೇಕಿಗೆ ಎಣ್ಣೆ ಬಿಟ್ಟೆ. ನೀಲಾ, ಅದು ನಾನು. ನೀನು ಬಿದ್ದದ್ದು ನಿನ್ನಿಂದಲ್ಲ.

ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ. ನೀಲಾ ನನ್ನ ನಾದಿನಿ, ನಾನು ಅವಳ ಅಣ್ಣನ ಹೆಂಡತಿ, ಅವಳ ಬಾಯಲ್ಲಿ ವೈನಿ. ಆಳಂದದ ಗಂಡನ ಮನೆ ಬಿಟ್ಟು ಜೇವರ್ಗಿಗೆ, ನಮ್ಮ ಮನೆಗೆ ಬಂದವಳು ಒಂದು ದಿನವೂ ಮೂಲೆ ಹಿಡಿದು ಕೂರಲಿಲ್ಲ. ಸುತ್ತಲಿನ ಹಳ್ಳಿಗಳ ಹೆಂಗಸರಿಂದ ಕಡಕ್ ರೊಟ್ಟಿ ಮಾಡಿಸಿ ಹೆದ್ದಾರಿಯ ಖಾನಾವಳಿಗಳಿಗೆ ಮುಟ್ಟಿಸುವ ಕೆಲಸ ಹಿಡಿದಳು. ಬಸ್ಸಿನ ನೂಕುನುಗ್ಗಲಿನಲ್ಲಿ ರೊಟ್ಟಿ ಪುಡಿಯಾಗುವುದನ್ನು ನೋಡಿ ಸಾಕಾಗಿ, ಅಫಜಲಪುರದ ಮಾಸ್ತರರೊಬ್ಬರು ಓಡಿಸಿ ಬಿಟ್ಟ ಮೋಟಾರ್ ಸೈಕಲ್ ಕೊಂಡು ತಂದಳು.

ನೀನು ಅದನ್ನು ಕಲಿತ ಬಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಓಢಣಿಯನ್ನು ಸೊಂಟಕ್ಕೆ ಬಿಗಿದು, ಅಣ್ಣನ ಹಳೆಯ ಬೂಟು ಹಾಕಿಕೊಂಡು, ತುದಿಗಾಲಿನಲ್ಲಿ ನೆಲ ಮುಟ್ಟುತ್ತ — ಕಿಕ್ ಹೊಡೆದರೆ ತಿರುಗಿ ನಿನ್ನ ಮೊಣಕಾಲಿಗೇ ಬಡಿಯುತ್ತಿತ್ತು. ನೀನು ಬೈಯುತ್ತಿರಲಿಲ್ಲ. ಗೇರ್ ಬದಲಿಸಿ ಬದಲಿಸಿ ಎಡ ಬೂಟಿನ ಮೇಲೆ ಒಂದು ಕಪ್ಪು ಗೆರೆ ಬಿದ್ದಿತ್ತು. ಅದನ್ನು ನೀನು ಪಾಲಿಶ್ ಹಾಕಿ ಮುಚ್ಚಲೂ ಇಲ್ಲ. ಒಂದು ದಿನ ಅಂಗಳದಲ್ಲಿ ಇಳಿದು, ಬೆವರು ಒರೆಸಿಕೊಳ್ಳುತ್ತ ಅಂದಿದ್ದೆ, “ಇದರ ಮಾಸ್ತರ್ ಎಡಕ್ಕ ವಾಲಿ ಕೂಡ್ತಿದ್ದರೇನೋ ವೈನಿ. ಗಾಡಿ ಇನ್ನಾ ಅವರ ಕಡೀನೇ ಎಳ್ಯಾಕತ್ತದ. ನನ್ನ ಮಾತ ಕೇಳಾಕ ಇನ್ನೂ ನಾಕ ದಿನ ಬೇಕ ಇದಕ್ಕ.” ಸೈಕಲ್ ಕೂಡ ತುಳಿಯಲು ಬಾರದ ನಾನು ಹೊಸ್ತಿಲಲ್ಲಿ ನಿಂತು ನಕ್ಕಿದ್ದೆ. ನಗುವಿನೊಳಗೆ ಬೆರಗಿತ್ತು. ಒಬ್ಬರು ಬಳಸಿ ಬಿಟ್ಟ ವಸ್ತುವಿನ ಚಾಳಿಯನ್ನು ಹೀಗೆ ತಾಳ್ಮೆಯಿಂದ ತಿದ್ದಬಹುದು ಎಂದು ನನಗೆ ಯಾವ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ.

ಆದರೆ ಗಾಡಿಗೆ ಒಂದು ಚೀರಾಟವಿತ್ತು. ಓಣಿಯ ತಿರುವಿನಲ್ಲಿ ನೀನು ಬ್ರೇಕ್ ಒತ್ತಿದರೆ ಸಾಕು, ಕಿರ್ರೆಂದು ಕೂಗಿ ಎಲ್ಲರ ಬಾಗಿಲನ್ನೂ ತೆರೆಸುತ್ತಿತ್ತು. ಮಕ್ಕಳು ಅಣಕಿಸುತ್ತಿದ್ದವು. ಪಕ್ಕದ ಮನೆಯ ಗಂಗಾಬಾಯಿ ನಿಮ್ಮ ಮನೆಯ ಪೀಪಿ ಬಂತು ಎಂದು ನಗುತ್ತಿದ್ದಳು. ಬಾಗಿಲು ಸಪ್ಪಳವಾಗದಂತೆ ಮುಚ್ಚಬೇಕು, ಚಮಚ ತಟ್ಟೆಗೆ ತಾಗಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ — ಹೇಗೆ ಹೇಳಲಿ — ನಾಚಿಕೆಯಾಗುತ್ತಿತ್ತು. ನಿನ್ನ ಬಗ್ಗೆ ಅಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿನ್ನ ಬಗ್ಗೆಯೂ ಇತ್ತು.

ನೀನು ಎಚ್ಚರಿಸಿದ್ದೆ. ಒಳಗೆ ಧೂಳು ಕೂತಿದೆ, ಮಿಸ್ತ್ರಿ ಬಿಚ್ಚಿ ಒರೆಸುತ್ತಾನೆ, ನೀವು ಕೈ ಹಚ್ಚಬೇಡಿ ಎಂದಿದ್ದೆ.

ಅಮಾವಾಸ್ಯೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ನೀನು ಒಳಗೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ನಾನು ಹೊಲಿಗೆ ಯಂತ್ರದ ಎಣ್ಣೆಬುಡ್ಡಿ ತಂದೆ. ಯಂತ್ರ ಕಿರುಗುಟ್ಟಿದರೆ ಎರಡು ಹನಿ ಬಿಡಬೇಕು — ನನಗೆ ಗೊತ್ತಿದ್ದದ್ದು ಅಷ್ಟೇ. ಬುಡ್ಡಿಯ ಉದ್ದ ಮೂತಿಯನ್ನು ಹಿಂದಿನ ಗಾಲಿಯ ನಡುವಿನ ಸಂದಿನಲ್ಲಿಟ್ಟು ಒತ್ತಿದೆ, ಮತ್ತೆ ಒತ್ತಿದೆ. ಗಾಡಿಯನ್ನು ಹಿಂದೆ ಮುಂದೆ ನೂಕಿ ಬ್ರೇಕ್ ಅದುಮಿ ನೋಡಿದೆ. ಸಪ್ಪಳವಿಲ್ಲ. ಅದರ ಮೇಲೆ ವಿಭೂತಿ ಎಳೆದು ಕೈ ಮುಗಿದೆ.

ಹತ್ತಿಯ ಗಿರಣಿಯ ಹತ್ತಿರ ಮುಂದಿನ ಟ್ರ್ಯಾಕ್ಟರ್ ನಿಂತಿತಂತೆ. ನಿನ್ನ ಗಾಡಿ ನಿಲ್ಲಲಿಲ್ಲ. ಗಾಬರಿಯಲ್ಲಿ ನೀನು ಮುಂದಿನ ಬ್ರೇಕ್ ಹಿಡಿದೆ, ಬಿದ್ದೆ. ಮುಂಗೈ ಮುರಿಯಿತು, ರೊಟ್ಟಿಯೆಲ್ಲ ರಸ್ತೆಯ ತುಂಬ ಚೂರಾಯಿತು. ಇವರು ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಯಾರೋ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿ ಹೋದರು. ಆಗ ನೋಡಿದೆ — ಹಿಂದಿನ ಗಾಲಿಯ ಕಡ್ಡಿಗಳ ಮೇಲೆಲ್ಲ ಎಣ್ಣೆಯ ಗೆರೆ ಇಳಿದಿತ್ತು. ನೀನು ಬೇಡವೆಂದದ್ದು ಏಕೆ ಎಂದು ಆ ಕ್ಷಣ ತಿಳಿಯಿತು. ಸೆರಗಿನಿಂದಲೇ ಒರೆಸಿದೆ. ಎಣ್ಣೆ ಬಿಟ್ಟದ್ದು ತಿಳಿಗೇಡಿತನ. ಒರೆಸಿದ್ದು ಅಲ್ಲ.

ಅತ್ತೆಯವರು ಕೇಳಿದ್ದು ಒಂದೇ ಮಾತು, “ಮುಂಜಾನೆ ಪೂಜಾ ಬರೋಬರಿ ಮಾಡಿದ್ದಿ ಇಲ್ಲವಾ?”

“ಬರೋಬರಿ ಮಾಡೇನ್ರಿ,” ಅಂದೆ.

ನೀನು ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಾಗ ಇವರು ಗಾಡಿಯನ್ನು ಬೈಯುತ್ತಿದ್ದರು. ನೀನು ತಡೆದೆ. “ಅದರದೇನ ತಪ್ಪಿಲ್ಲಣ್ಣಾ. ಬ್ರೇಕ್ ಒತ್ತೋದ್ರಾಗ ನನ್ನ ಕಾಲೇ ತಡಾ ಮಾಡ್ತು.”

ನಾನು ಅಲ್ಲೇ ಇದ್ದೆ. ನಿನಗೆ ನೀರು ಕೊಡುತ್ತಿದ್ದೆ. ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಆ ವಾರವೇ ಇವರು ಗಾಡಿಯನ್ನು ಗುಜರಿಗೆ ಹಾಕಿದರು. ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ನನಗೆ ನಿರಾಳವಾಯಿತು ಎಂಬುದನ್ನೂ ಬರೆಯಬೇಕು.

ಕೈ ಕೂಡಿದ ಮೇಲೆ ನೀನು ಮತ್ತೊಂದು ಹಳೆಯ ಗಾಡಿ ತಂದೆ. ಅಣ್ಣನನ್ನು ಕೇಳಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ತಂದು ನಿಲ್ಲಿಸಿ, ಅದರ ಚಾಳಿಗಳನ್ನು ಮೊದಲಿಂದ ಕಲಿಯತೊಡಗಿದೆ. ಇವತ್ತು ಅಫಜಲಪುರದವರೆಗೂ ನಿನ್ನ ರೊಟ್ಟಿ ಹೋಗುತ್ತದೆ. ಲಾರಿಗಳ ನಡುವೆ ನೆಟ್ಟಗೆ ಕೂತ ನಿನ್ನ ಬೆನ್ನನ್ನು ದೂರದಿಂದಲೇ ಗುರುತಿಸುತ್ತೇನೆ. ಅಂಥ ಬೆನ್ನು ಈ ಊರಿನಲ್ಲಿ ಇನ್ನೊಂದಿಲ್ಲ.

ಆದರೂ ಒಂದನ್ನು ನಾನು ನೋಡಿದ್ದೇನೆ. ಎಲ್ಲರೂ ಬ್ರೇಕ್ ಒತ್ತುವ ಜಾಗಕ್ಕಿಂತ ಎಷ್ಟೋ ಮೊದಲೇ ನಿನ್ನ ಕಾಲು ಒತ್ತುತ್ತದೆ. ಹಿಂದಿನವರು ಹಾರ್ನ್ ಹೊಡೆದು ಬೈದುಹೋಗುತ್ತಾರೆ. ಹಿಂದೆ ಕೂತಿದ್ದ ನಾನು ಒಮ್ಮೆ ಕೇಳಿದ್ದಕ್ಕೆ ನೀನು ನಕ್ಕೆ: “ನನ್ನ ಬಲಗಾಲು ಮಂದ ಅದರಿ ವೈನಿ. ಮುಂಚೇನೇ ಹೇಳಿಟ್ಟರ ಕೇಳ್ತದ.”

ಮಂದವಲ್ಲ, ನೀಲಾ. ಅವತ್ತು ನಿನ್ನ ಕಾಲು ಸರಿಯಾದ ಹೊತ್ತಿಗೇ ಒತ್ತಿತ್ತು. ಇಷ್ಟು ವರ್ಷ ನೀನು ನಿನ್ನ ಕಾಲಿನ ತಪ್ಪೆಂದು ತಿಳಿದದ್ದು ನನ್ನ ಕೈಯ ಕೆಲಸ. ಇದು ಅಚ್ಚಿಗೆ ಹೋಗುವ ಮೊದಲು ನಿನ್ನೆದುರು ಕೂತು ನಾನೇ ಓದುತ್ತೇನೆ. ಆಮೇಲೆ ನೀನು ನನ್ನನ್ನು ವೈನಿ ಎಂದು ಕರೆಯುತ್ತೀಯೋ ಇಲ್ಲವೋ — ಅದು ನಿನ್ನದು.

ನೀನು ಬಿದ್ದ ಆ ಸಂಜೆಯದು ಇನ್ನೊಂದು ಮಾತಿದೆ, ನೀನು ಕೇಳಿಸಿಕೊಳ್ಳದ್ದು. ನೀನು ಒಳಗೆ ಮಲಗಿದ್ದೆ. ಗಂಗಾಬಾಯಿ ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತ, ನನ್ನ ಕಡೆ ನೋಡದೆಯೇ ಅಂದಳು:

“ನಮ್ಮ ಸೊಸಿನೂ ಹಟಾ ಹಿಡಿದಿದ್ಲರಿ, ನೀಲಾನಂಗ ಗಾಡಿ ಕಲೀತೀನಿ ಅಂತ. ಇವತ್ತ ಇಕೀನ್ನ ನೋಡಿ ತಾನೇ ಒಲ್ಲೆ ಅಂದ್ಲು. ಛಲೋ ಆತು ಬಿಡ್ರಿ.”